ಜಾತಕ ಫಲ ಮತ್ತು ಒಬ್ಬ ಬಿಕಾಂ ಪದವೀಧರ

ನಾನು ಬಿಕಾಂ ಮುಗಿಸಿ ಬ್ಯಾಂಕು ಸೇರಿದವನು. ಆಗೆಲ್ಲ ಬಿಕಾಂ ಅಂದರೆ ಅಷ್ಟೇ ತಾನೆ, ಒಂದು ಕುರ್ಚಿ, ತಿಂಗಳ ಕೊನೆಗೆ ಸಂಬಳ, ರಿಟೈರ್ ಆಗುವ ತನಕ ಚಿಂತೆಯಿಲ್ಲ! ನಮ್ಮ ಚೆನ್ನೈನಲ್ಲೇ ಇನ್ನೊಬ್ಬ ಬಿಕಾಂ ಪದವೀಧರರಿದ್ದರು. ಅವರು ನೌಕರಿಯ ತಂಟೆಗೇ ಹೋಗಲಿಲ್ಲ. ಅವರೇ ಪಿ.ಬಿ. ಶ್ರೀನಿವಾಸ್.

ಹುಟ್ಟಿದ್ದು 1930ರಲ್ಲಿ, ಕಾಕಿನಾಡದಲ್ಲಿ. ಮನೆಮಾತು ತೆಲುಗು. ಮಗ ಸರ್ಕಾರಿ ನೌಕರಿ ಹಿಡಿಯಲಿ ಅಂತ ತಂದೆಯ ಆಸೆ, ಮಗನಿಗೋ ಹಾಡಿನ ಹುಚ್ಚು. ಜ್ಯೋತಿಷಿಯನ್ನು ಕೇಳಿದರೆ, ಈ ಹುಡುಗನಿಗೆ ಸಂಗೀತದಲ್ಲಿ ಏಳಿಗೆಯಿಲ್ಲ ಅಂದುಬಿಟ್ಟರಂತೆ. ಹುಡುಗ ಜಗ್ಗಲಿಲ್ಲ. ವೈಣಿಕ ಈಮನಿ ಶಂಕರಶಾಸ್ತ್ರಿಗಳ ಮೂಲಕ ಜೆಮಿನಿ ಸ್ಟುಡಿಯೋ ಹೊಕ್ಕು 1952ರ ಹಿಂದಿ ಚಿತ್ರ ‘ಮಿಸ್ಟರ್ ಸಂಪತ್’ಗೆ ಹಾಡಿದರು. ಮರುವರ್ಷ ಕನ್ನಡದಲ್ಲಿ ಹಾಡಿದ ಮೊದಲ ಚಿತ್ರ ಯಾವುದು ಗೊತ್ತೇ? ‘ಜಾತಕ ಫಲ’!

ಆಮೇಲೇನೂ ಹೂವಿನ ಹಾಸಿಗೆ ಸಿಗಲಿಲ್ಲ. ರಾಜಕುಮಾರ್ ಅವರ ಮೊದಲ ಚಿತ್ರಗಳಿಗೆ ಹಾಡಿದವರು ಸಿ.ಎಸ್. ಜಯರಾಮನ್, ಘಂಟಸಾಲ ಮುಂತಾದವರು. 1960ರ ‘ಭಕ್ತ ಕನಕದಾಸ’ ಬಂದ ಮೇಲೆ ರಾಜ್ ಮುಖಕ್ಕೆ ಪಿ.ಬಿ.ಎಸ್ ದನಿ ಅಂತ ಗಟ್ಟಿಯಾಯಿತು. ಮರುವರ್ಷ ‘ಪಾವ ಮನ್ನಿಪ್ಪು’ ತಮಿಳರ ಮನೆಮನೆಗೂ ಅವರನ್ನು ಮುಟ್ಟಿಸಿತು. ಲೆಕ್ಕ ಹಾಕಿ, ಮೊದಲ ಹಾಡಿನಿಂದ ಇಲ್ಲಿಗೆ ಎಂಟೊಂಬತ್ತು ವರ್ಷ! ಅಷ್ಟರಲ್ಲಿ ಅವರ ಕನ್ನಡ ಎಷ್ಟು ಪಳಗಿತ್ತೆಂದರೆ ಹೊರಗಿನವರು ಅಂತ ನಮ್ಮ ಅಮ್ಮನಿಗೆ ಕೊನೆವರೆಗೂ ನಂಬಿಕೆ ಬರಲಿಲ್ಲ.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ರಾಜ್ ತಾವೇ ಹಾಡಿದರು, ಜನ ಹುಚ್ಚೆದ್ದು ಕೇಳಿದರು. ಅಲ್ಲಿಂದ ಮುಂದೆ ತಮ್ಮ ಹಾಡುಗಳನ್ನು ಹೆಚ್ಚಾಗಿ ಅವರೇ ಹಾಡಿಕೊಂಡರು. ಪಿ.ಬಿ.ಎಸ್‌ಗೆ ಆಗ ನಲವತ್ನಾಲ್ಕು. ಯಾರದೂ ತಪ್ಪಿಲ್ಲ, ಆದರೂ ದೊಡ್ಡ ಅನ್ನದ ದಾರಿಯೊಂದು ಕಿರಿದಾಯಿತು.

ಅವರು ಬರೆಯತೊಡಗಿದ್ದು ಕೆಲಸ ತಪ್ಪಿದ ಮೇಲಲ್ಲ, ಅದು ಮೊದಲಿಂದಲೂ ಇತ್ತು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟಾಗ ಇಂಗ್ಲಿಷಿನಲ್ಲೇ ಹಾಡು ಕಟ್ಟಿ ಹಾಡಿದ್ದರು. ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ, ಉರ್ದು, ಸಂಸ್ಕೃತ, ಇಂಗ್ಲಿಷ್, ಒಟ್ಟು ಎಂಟು ಭಾಷೆಗಳಲ್ಲಿ ಕವಿತೆ ಬರೆದರು.

ಬರೆಯುತ್ತಿದ್ದ ಜಾಗ ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್ ಇನ್, ನಮ್ಮ ಉಡುಪಿ ಕೃಷ್ಣರಾಯರು 1962ರಲ್ಲಿ ತೆರೆದ ಹೋಟೆಲು. ಹಳೆಯ ಜೆಮಿನಿ ಸ್ಟುಡಿಯೋ ಇದ್ದ ಜಾಗ ಅಲ್ಲಿಂದ ಕೂಗಳತೆ. 2003ರಲ್ಲಿ ಪ್ರಮೋಷನ್ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಅವತ್ತು ಸಂಜೆ ಮನೆಗೆ ಹೋಗಲು ಮನಸ್ಸಾಗದೆ ಅಲ್ಲಿ ಕೂತಿದ್ದೆ. ಆಚೆ ಮೇಜಿನಲ್ಲಿ ಜರಿಪೇಟ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನುಗಳು! ಕಾಫಿ ಆರಿಹೋದರೂ ತಲೆ ಎತ್ತದೆ ಬರೆಯುತ್ತಿದ್ದರು. ಮಾತಾಡಿಸುವ ಧೈರ್ಯವಾಗಲಿಲ್ಲ. ನಾನೋ, ಸಿಎಐಐಬಿ ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟು ಹತ್ತು ವರ್ಷವಾಗಿತ್ತು. ಮಾರನೇ ವಾರ ಫೀಸು ಕಟ್ಟಿದೆ.

2008ರಲ್ಲಿ ಡ್ರೈವ್ ಇನ್ ಮುಚ್ಚಿತು. ಪಿ.ಬಿ.ಎಸ್ ಪೆನ್ನು ಕಾಗದ ಎತ್ತಿಕೊಂಡು ನ್ಯೂ ವುಡ್‌ಲ್ಯಾಂಡ್ಸಿಗೆ ಹೋಗಿ ಕೂತರು. 2013ರ ಏಪ್ರಿಲ್ 14ರಂದು ತೀರಿಕೊಂಡರು. ಡ್ರೈವ್ ಇನ್ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ತೋಟವಿದೆ. ಹಳೇ ಮರಗಳಲ್ಲಿ ಕೆಲವು ಹಾಗೇ ಇವೆ.