ಬಾಡು

ಗಿಡ ಒಣಗಿತು ಎಂದರೆ ಮುಗಿಯಿತು. ಬಾಡಿದೆ ಎಂದರೆ ಮನೆಯಲ್ಲಿ ಯಾರಾದರೂ ಚೊಂಬಿನಲ್ಲಿ ನೀರು ಹಿಡಿದು ಹೊರಡುತ್ತಾರೆ. ಕನ್ನಡ ಈ ಎರಡು ಮಾತುಗಳ ನಡುವೆ ಉಳಿಸಿಕೊಂಡಿರುವ ಅಂತರ ನನಗೆ ಬಲು ಪ್ರಿಯ. ಹಸಿದ ಮಗುವಿನ ಮುಖ ಬಾಡುತ್ತದೆ, ಉಂಡ ಮೇಲೆ ಅರಳುತ್ತದೆ. ಕರಾವಳಿಯ ಅಡುಗೆಮನೆಯಲ್ಲಿ ಬಾಳೆಲೆಯನ್ನು ಬೆಂಕಿಗೆ ಹಿಡಿದು ಬಾಡಿಸುತ್ತಾರೆ. ಹಸಿ ಎಲೆ ಮಡಚಿದರೆ ಸೀಳುತ್ತದೆ, ಬಾಡಿಸಿದ ಎಲೆ ಬಾಗುತ್ತದೆ. ಬಾಡೂಟದ ‘ಬಾಡು’ ಬೇರೆಯೇ ಅರ್ಥದ್ದು, ಅದನ್ನು ಇಲ್ಲಿಗೆ ತರುವುದು ಬೇಡ.

ಹೂವಿನ ವಿಷಯದಲ್ಲಿ ಈ ಪದದ ಆಳ ಕಂಡವರು ಕವಿಗಳು. ಮಹಾಭಾರತದ ನಳೋಪಾಖ್ಯಾನದಲ್ಲಿ ದೇವತೆಗಳು ನಳನ ರೂಪ ಧರಿಸಿ ದಮಯಂತಿಯ ಸ್ವಯಂವರಕ್ಕೆ ಬರುತ್ತಾರೆ. ಅವರ ಮಾಲೆಗಳು ಬಾಡುವುದಿಲ್ಲ, ಅವರಿಗೆ ನೆರಳಿಲ್ಲ, ಬೆವರಿಲ್ಲ. ಮಾಲೆ ಬಾಡಿದ್ದವನು ನಳ. ದಮಯಂತಿ ಅವನನ್ನೇ ವರಿಸುತ್ತಾಳೆ.

ಪಂಪ ಇನ್ನೂ ಮುಂದೆ ಹೋಗುತ್ತಾನೆ. ಕ್ರಿ.ಶ. 941ರ ‘ಆದಿಪುರಾಣ’ದಲ್ಲಿ ಲಲಿತಾಂಗದೇವ ಸ್ವಯಂಪ್ರಭೆಯೊಡನೆ ಸ್ವರ್ಗಸುಖದಲ್ಲಿ ಮುಳುಗಿರುವಾಗ ಅವನ ಕೊರಳ ಮಾಲೆ ಬಾಡುತ್ತದೆ. ಆಯುಷ್ಯ ತೀರುತ್ತಿದೆ ಎಂಬ ಸೂಚನೆ ಅದು, ಅವನು ತಲ್ಲಣಿಸುತ್ತಾನೆ. ಮುಂದಿನ ಭವದಲ್ಲಿ ಅವನು ವಜ್ರಜಂಘ, ಅವಳು ಶ್ರೀಮತಿ. ಇಬ್ಬರೂ ಮತ್ತೆ ಸೇರುತ್ತಾರೆ. ಹಲವು ಭವಗಳ ಬಳಿಕ ಅದೇ ಜೀವ ಆದಿತೀರ್ಥಂಕರನಾಗುತ್ತದೆ. ಆ ಮಾಲೆ ಬಾಡದಿದ್ದರೆ ಕಾವ್ಯ ಸ್ವರ್ಗದಲ್ಲೇ ನಿಂತುಬಿಡುತ್ತಿತ್ತು.

ಕವಿಗಳು ಕಂಡದ್ದನ್ನು ಹಿತ್ತಲಿನ ಹೀರೆಬಳ್ಳಿಯೂ ತೋರಿಸುತ್ತದೆ. ಪರಾಗಸ್ಪರ್ಶವಾದ ಮೇಲೆ ಹಳದಿ ಎಸಳುಗಳಿಗೆ ಕೆಲಸವಿಲ್ಲ. ಅವು ಬಾಡುತ್ತವೆ, ಬಳ್ಳಿಯ ಸತ್ವ ಕಾಯಿಯ ಕಡೆ ಹರಿಯುತ್ತದೆ. ಎಳೆಯ ಹೀರೆಕಾಯಿಯ ತುದಿಯಲ್ಲಿ ಮುದುಡಿ ಅಂಟಿಕೊಂಡಿರುವುದು ಆ ಹೂವೇ.

ಬಾಡದ ಹೂವುಗಳು ಈಗ ಅಂಗಡಿಯಲ್ಲಿ ಗೊಂಚಲುಗೊಂಚಲಾಗಿ ಸಿಗುತ್ತವೆ. ಪ್ಲಾಸ್ಟಿಕ್ಕಿನ ಅವುಗಳಿಗೆ ಕಂಪೂ ಇಲ್ಲ, ಕಾಯಿಯೂ ಇಲ್ಲ. ಬಾಡುವ ಶಕ್ತಿಯಿರುವ ಹೂವಿಗೆ ಮಾತ್ರ ಮುಂದಿನ ಹುಟ್ಟಿದೆ. ಹೊಸದಾಗಿ ಬರೆಯುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ: ಅರಳಿದ ಹೂವಿನ ಮೇಲೆ ಕನ್ನಡದಲ್ಲಿ ಪದ್ಯಗಳು ಬೇಕಾದಷ್ಟಿವೆ, ಬಾಡಿದ ಹೂವಿನ ಮೇಲೂ ಬರೆಯಿರಿ. ಬರೆಯುವ ಮುನ್ನ ಪಂಪನ ಲಲಿತಾಂಗನನ್ನು ಒಮ್ಮೆ ಓದಿ.