ಹಣ್ಣು–ತರಕಾರಿ ಬೆಳೆಗಾರರ ಮಾರುಕಟ್ಟೆ ತರಬೇತಿ: ಆಳಂದ, ಅಫಜಲಪುರ, ಜೇವರ್ಗಿ

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳು ತೊಗರಿಗೆ ಹೆಸರಾದವು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದೂ ಇಲ್ಲಿನ ತೊಗರಿಬೇಳೆಯೇ. ಆಳಂದದ ಅಮರ್ಜಾ ಜಲಾಶಯ, ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು, ಜೇವರ್ಗಿಗೆ ಬಂದ ಕೃಷ್ಣಾ ಕಾಲುವೆ, ಇವುಗಳ ಜೊತೆಗೆ ಬಾವಿ–ಬೋರುಗಳ ನೀರು ಸಿಕ್ಕಲ್ಲಿ ಈರುಳ್ಳಿ, ಬಾಳೆ, ನಿಂಬೆ, ಪಪ್ಪಾಯಿ, ತರಕಾರಿ ಬೆಳೆದುಬಂದವು. ಬೆಳೆ ಬಂದಷ್ಟು ಬೇಗ ಮಾರಾಟದ ವಿದ್ಯೆ ಬರಲಿಲ್ಲ.

ಮಾರುಕಟ್ಟೆಯ ಕಾನೂನು ಇಲ್ಲಿಗೆ ಹೊಸದೇನಲ್ಲ. ನಿಜಾಮರ ಆಡಳಿತದಲ್ಲಿ 1930ರ ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯ್ದೆ ಬಂತು. 1956ರ ಏಕೀಕರಣದ ನಂತರ ಕರ್ನಾಟಕದ 1966ರ ಎಪಿಎಂಸಿ ಕಾಯ್ದೆ ಅದರ ಜಾಗ ಹಿಡಿಯಿತು. ತೂಕ, ಸವಾಲು, ಪಟ್ಟಿ ಇವಕ್ಕೆಲ್ಲ ಲೆಕ್ಕ ಬಂದದ್ದು ನಿಜ, ಆದರೆ ಆ ಲಾಭ ಹೆಚ್ಚಾಗಿ ಕಾಳುಕಡಿಗೆ ದಕ್ಕಿತು. ತೊಗರಿಯನ್ನು ದರ ಬರುವವರೆಗೆ ಮನೆಯಲ್ಲಿಟ್ಟುಕೊಳ್ಳಬಹುದು, ಬಾಳೆಗೊನೆ ಕಾಯುವುದಿಲ್ಲ. ಹಾಗಾಗಿ ಹಣ್ಣಿನ ತೋಟಗಳನ್ನು ಹಣ್ಣು ಮರದ ಮೇಲಿರುವಾಗಲೇ ಖೇಣಿ ಕೊಡುವುದು, ಈರುಳ್ಳಿ ಚೀಲಗಳನ್ನು ಲಾರಿಗೇರಿಸಿ ಅಕ್ಕಲಕೋಟೆ ದಾರಿಯಾಗಿ ಸೊಲ್ಲಾಪುರದ ದಲ್ಲಾಳಿ ಅಂಗಡಿಗೆ ಕಳಿಸುವುದು ರೂಢಿಯಾಯಿತು. ಬೆಳೆಗಾರನಿಗೆ ಸಾಲ ಕೊಟ್ಟವನೂ ಮಾಲು ಮಾರಿಸುವವನೂ ದರ ತಿಳಿಸುವವನೂ ಒಬ್ಬನೇ ಆಗಿದ್ದಲ್ಲಿ ಚೌಕಾಶಿಗೆ ಜಾಗವೇ ಇರಲಿಲ್ಲ. ಆದರೂ ಬಹುಕಾಲ ಮಾರುಕಟ್ಟೆಯ ಪಾಠ ಹೇಳಿದವನು ಆ ದಲ್ಲಾಳಿಯೇ ಎಂಬುದನ್ನು ಒಪ್ಪಬೇಕು.

ದಕ್ಷಿಣ ಕರ್ನಾಟಕದ ಕಥೆ ಬೇರೆ. ತೋಟಗಾರಿಕೆ ತಜ್ಞ ಎಂ. ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿ, ಮುಂದೆ ಹಣ್ಣು–ತರಕಾರಿ ಮಾರುವ ಹಾಪ್‌ಕಾಮ್ಸ್ ಆಯಿತು. ಈ ಮೂರು ತಾಲ್ಲೂಕುಗಳಿಗೆ ಅಂಥ ಬಲ ಬೇಗ ಸಿಗಲಿಲ್ಲ. ಕೃಷಿ ವಿಜ್ಞಾನ ಕೇಂದ್ರಗಳ ತರಬೇತಿಯೂ ದೀರ್ಘಕಾಲ ತಳಿ, ಗೊಬ್ಬರ, ರೋಗ, ಕೀಟಗಳ ಸುತ್ತಲೇ ಇತ್ತು. ಜಿಲ್ಲೆಯಲ್ಲಿ ಇಂಥ ಕೇಂದ್ರಗಳು ಎರಡು: ಒಂದು ಕಲಬುರಗಿಯಲ್ಲಿ, ಇನ್ನೊಂದು ಜೇವರ್ಗಿ ತಾಲ್ಲೂಕಿನ ರದ್ದೇವಾಡಗಿಯಲ್ಲಿ. 2008ರಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, 2009ರಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದರಿಂದ ಪರಿಣತರು ಸ್ವಲ್ಪ ಹತ್ತಿರವಾದರು.

ಮಾರಾಟವೇ ತರಬೇತಿಯ ವಿಷಯವಾಗುವುದಕ್ಕೆ ರೈತ ಉತ್ಪಾದಕ ಸಂಸ್ಥೆಗಳು ಬರಬೇಕಾಯಿತು. 2002ರ ಕಂಪನಿ ಕಾಯ್ದೆ ತಿದ್ದುಪಡಿ ಉತ್ಪಾದಕ ಕಂಪನಿಗಳಿಗೆ ದಾರಿ ಮಾಡಿತು; 2020ರಲ್ಲಿ ಕೇಂದ್ರ ಸರ್ಕಾರದ ಹತ್ತು ಸಾವಿರ ಸಂಸ್ಥೆಗಳ ಯೋಜನೆ ಆರಂಭವಾಯಿತು. ಅದರಡಿ ಬಯಲು ಪ್ರದೇಶದಲ್ಲಿ ಒಂದು ಸಂಸ್ಥೆಗೆ ಕನಿಷ್ಠ 300 ಸದಸ್ಯರಿರಬೇಕು, ನಿರ್ವಹಣೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ನಿರ್ದೇಶಕರಾದ ರೈತರು ಲೆಕ್ಕಪತ್ರ, ಪರವಾನಗಿ, ಖರೀದಿದಾರರೊಡನೆ ಒಪ್ಪಂದ ಎಲ್ಲವನ್ನೂ ಕಲಿಯಲೇಬೇಕಾಯಿತು.

ಕಲಿಸುವುದೇನು? ಈರುಳ್ಳಿಯಾದರೆ ಕಿತ್ತ ಮೇಲೆ ನೆರಳಲ್ಲಿ ಒಣಗಿಸುವುದು, ದಪ್ಪ ಗಡ್ಡೆಯಿಂದ ಗೋಲ್ಟಿಯನ್ನು ಬೇರ್ಪಡಿಸುವುದು, ಮುಂಗಾರಿನ ಬೆಳೆಯನ್ನು ಬೇಸಿಗೆಯದರಂತೆ ತಿಂಗಳುಗಟ್ಟಲೆ ಇಡಲಾಗದೆಂಬ ಎಚ್ಚರ. ಬಾಳೆಯಾದರೆ ಕಾರ್ಬೈಡ್ ಬಿಟ್ಟು ಎಥಿಲೀನ್ ಕೋಣೆಯಲ್ಲಿ ಮಾಗಿಸುವ ಕ್ರಮ. ಹಣ್ಣು ಜಜ್ಜಿಹೋಗದಂತೆ ಲಾರಿಯಲ್ಲಿ ಸುರಿಯುವ ಬದಲು ಕ್ರೇಟಿನಲ್ಲಿ ಸಾಗಿಸುವುದು ಇನ್ನೊಂದು ಪಾಠ. ಇವೆಲ್ಲಕ್ಕಿಂತ ದೊಡ್ಡದು ಪಟ್ಟಿ ಓದುವ ವಿದ್ಯೆ: ಹಮಾಲಿ, ತೂಕ, ಬಾಡಿಗೆ, ಅಡತಿ (ದಲ್ಲಾಳಿ ಕಮಿಷನ್) ಎಂದು ಏನೇನು ಕಡಿತವಾಯಿತು, ಕೈಗೆಷ್ಟು ಬಂತು ಎಂಬ ಲೆಕ್ಕ. ಮಹಾರಾಷ್ಟ್ರ 2016ರಲ್ಲಿ ಹಣ್ಣು–ತರಕಾರಿಯ ಅಡತಿಯನ್ನು ಬೆಳೆಗಾರನಿಂದಲ್ಲ, ಖರೀದಿದಾರನಿಂದ ವಸೂಲಿ ಮಾಡಬೇಕೆಂದಿತು. ಗಡಿ ದಾಟಿ ಸೊಲ್ಲಾಪುರದಲ್ಲಿ ಮಾರುವವರಿಗೆ ಆ ನಿಯಮದ ತಿಳಿವಳಿಕೆಯೇ ಹಣ.

2014ರಿಂದ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ, 2016ರಿಂದ ಕೇಂದ್ರದ ಆನ್‌ಲೈನ್ ಮಾರುಕಟ್ಟೆಯಾದ ಇ–ನಾಮ್ ಪಾಠಕ್ಕೆ ಸೇರಿದವು. ದಾಸ್ತಾನಿಗೆ ಒಗ್ಗುವ ತೊಗರಿಗೆ ಆನ್‌ಲೈನ್ ಟೆಂಡರ್ ಹೊಂದಿದಷ್ಟು ಸಲೀಸಾಗಿ ಟೊಮೆಟೊಗೆ ಹೊಂದದು. ಮಾಲು ಕಣ್ಣಾರೆ ನೋಡದೆ ಬೆಲೆ ಕೂಗುವವರು ಕಡಿಮೆ. 2020ರ ಕೋವಿಡ್ ಲಾಕ್‌ಡೌನಿನಲ್ಲಿ ಸಂತೆಗಳು ನಿಂತಾಗ ದೂರದ ಒಂದೇ ಪೇಟೆಯನ್ನು ನೆಚ್ಚುವುದರ ಅಪಾಯ ಬಯಲಾಯಿತು.

ಮಾಲೂರು, ಹಿರಿಯೂರು, ಬಾಗಲಕೋಟೆಗಳ ಜೊತೆ ಜೇವರ್ಗಿಗೂ ರಾಜ್ಯ ಸರ್ಕಾರ ಆಹಾರ ಪಾರ್ಕ್ ಗೊತ್ತುಮಾಡಿತ್ತು. ಅಂಥ ಸೌಕರ್ಯವಿಲ್ಲದೆ ತರಬೇತಿಯೊಂದೇ ಸಾಲದು: ತರಬೇತಿ ಮುಗಿಸಿದ ರೈತನಿಗೆ ಬೇಕಾದ ಶೀತಲಗೃಹ, ವಿಂಗಡಣೆ ಕಟ್ಟೆ, ಸಂಸ್ಕರಣಾ ಘಟಕ ಊರ ಹತ್ತಿರವಿಲ್ಲದಿದ್ದರೆ ವಿಂಗಡಿಸಿದ ಮಾಲೂ ಅದೇ ಲಾರಿಯಲ್ಲಿ, ಅದೇ ದಲ್ಲಾಳಿಯ ಕಟ್ಟೆಗೆ ಹೋಗುತ್ತದೆ.