ಇಪ್ಪತ್ತಮೂರು ವರ್ಷ ಕಾದ ಕೊನೆಯ ಪುಟ

ಅಮೆರಿಕದ ಲೇಖಕ ರಾಬರ್ಟ್ ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' ಮಾಲಿಕೆಯ ಮೊದಲ ಸಂಪುಟ ಹೊರಬಂದದ್ದು 1990ರ ಜನವರಿಯಲ್ಲಿ. ಹದಿನೈದರ ಹರೆಯದಲ್ಲಿ ಅದನ್ನು ಕೈಗೆತ್ತಿಕೊಂಡ ಹುಡುಗನಿಗೆ ಕೊನೆಯ ಸಂಪುಟ ಸಿಕ್ಕಿದ್ದು 2013ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಅವನಿಗೆ ಮೂವತ್ತೆಂಟು ವಯಸ್ಸು. ಓದು, ನೌಕರಿ, ಮದುವೆ ಎಲ್ಲವೂ ಈ ಕಥೆಯ ನಡುವೆಯೇ ಆಗಿಹೋಗಿದ್ದವು. ಕೊನೆಯ ಪುಟ ಮಗುಚಿದ ಓದುಗರು ಅತ್ತರೆಂದರೆ, ಅದು ಕಥಾಪಾತ್ರಗಳ ಅಗಲಿಕೆಗೆ ಮಾತ್ರವಲ್ಲ.

ಕಾಲವೊಂದು ಚಕ್ರ, ಅದಕ್ಕೆ ಏಳು ಅರೆಕಾಲು, ಒಂದೊಂದೂ ಒಂದು ಯುಗ. ಮುಗಿದ ಯುಗ ಮತ್ತೆ ಬರುತ್ತದೆ. ಇದು ಈ ಅದ್ಭುತ ಕಥೆಯ ತಳಹದಿ. ಯುಗಾವರ್ತದ ಮಾತು ಕೇಳಿ ಬೆಳೆದ ನಮಗೆ ಇದೇನೂ ಅಪರಿಚಿತವಲ್ಲ. ಕೆಲವೇ ಸಂಪುಟಗಳಲ್ಲಿ ಮುಗಿಯಬೇಕಿದ್ದ ಕಥೆ ಬೆಳೆಯುತ್ತಲೇ ಹೋಯಿತು. ಹೊಸ ಸಂಪುಟ ಬರುವ ಮುನ್ನ ಹಿಂದಿನವನ್ನೆಲ್ಲ ಮೊದಲಿನಿಂದ ಓದುವುದು ಅನೇಕರಿಗೆ ವ್ರತದಂತಾಯಿತು. 2003ರಲ್ಲಿ ಬಂದ ಹತ್ತನೆಯ ಸಂಪುಟದಲ್ಲಿ ಕಥೆ ಮುಂದಕ್ಕೇ ಸಾಗುತ್ತಿಲ್ಲವೆಂದು ಓದುಗರು ಗೊಣಗಿದರು. ಮುಗಿಯುತ್ತಿಲ್ಲವೆಂದು ಗೊಣಗಿದವರೇ ಮುಂದೆ ಮುಗಿಯಿತಲ್ಲ ಎಂದು ಕೊರಗಿದರು!

2006ರಲ್ಲಿ ಜೋರ್ಡನ್ ತಮಗೆ ಅಮೈಲಾಯ್ಡೋಸಿಸ್ ಎಂಬ ಅಪರೂಪದ ರಕ್ತಸಂಬಂಧಿ ಕಾಯಿಲೆ ಇರುವುದನ್ನು ಪ್ರಕಟಿಸಿದರು. ಮುಕ್ತಾಯದ ಸಂಪುಟವಿನ್ನೂ ಬಾಕಿಯಿತ್ತು. ಕೈಲಾದಷ್ಟು ಬರೆದರು. ಕೊನೆಯ ದಿನಗಳಲ್ಲಿ ಉಳಿದ ಕಥೆಯನ್ನು ಮನೆಯವರಿಗೆ ಬಾಯಲ್ಲೇ ಹೇಳಿದರು. ಅವರು ಅದನ್ನು ಧ್ವನಿಮುದ್ರಿಸಿಕೊಂಡರು. 2007ರ ಸೆಪ್ಟೆಂಬರ್ 16ರಂದು ಜೋರ್ಡನ್ ತೀರಿಕೊಂಡಾಗ ಅವರಿಗೆ 58 ವರ್ಷ.

ಇಂಥ ಸಂಕಟ ನಮ್ಮ ನಾಡಿಗೆ ಹೊಸದಲ್ಲ. ಏಳನೆಯ ಶತಮಾನದ ಬಾಣಭಟ್ಟ 'ಕಾದಂಬರಿ'ಯನ್ನು ಅರ್ಧಕ್ಕೇ ಬಿಟ್ಟು ತೀರಿಕೊಂಡ. ಉತ್ತರಾರ್ಧ ಬರೆದವನು ಅವನ ಮಗ. ಅವನು ಆರಂಭದಲ್ಲೇ ಕೊಟ್ಟಿರುವ ಕಾರಣ ಗಮನಾರ್ಹ: ಕಥೆ ನಿಂತುಹೋದದ್ದಕ್ಕೆ ಸಹೃದಯರು ಪಡುತ್ತಿದ್ದ ದುಃಖ ಕಂಡು ಬರೆಯಲು ತೊಡಗಿದೆನೇ ಹೊರತು ಕವಿಯೆಂಬ ಹಮ್ಮಿನಿಂದಲ್ಲ ಎನ್ನುತ್ತಾನೆ. ಓದುಗನ ದುಃಖವೇ ಕೃತಿಯೊಂದಕ್ಕೆ ಪ್ರೇರಣೆಯಾದದ್ದು ಹೀಗೆ. ಆ ಕಥೆಯನ್ನು ನಾಗವರ್ಮ ಕನ್ನಡಕ್ಕೆ ತಂದ. ಅದರ ಹೆಸರೇ ನಮ್ಮಲ್ಲಿ ಒಂದು ಸಾಹಿತ್ಯ ಪ್ರಕಾರದ ಹೆಸರಾಗಿ ನಿಂತಿತು. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ಮುಂದುವರಿಸಿದವನು ತಿಮ್ಮಣ್ಣ ಕವಿ.

ಜೋರ್ಡನ್ ಅವರ ಪತ್ನಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರೇ ಮಾಲಿಕೆಯ ಸಂಪಾದಕಿ. ಬ್ರ್ಯಾಂಡನ್ ಸ್ಯಾಂಡರ್‌ಸನ್ ಎಂಬ ಯುವ ಲೇಖಕ ಬರೆದ ಶ್ರದ್ಧಾಂಜಲಿ ಅವರ ಕಣ್ಣಿಗೆ ಬಿತ್ತು. ಹದಿಹರೆಯದಿಂದಲೂ ಈ ಮಾಲಿಕೆಯ ಬೆನ್ನು ಹತ್ತಿದ್ದ ಓದುಗ ಆತ. ಅವರ ಕಾದಂಬರಿಯೊಂದನ್ನೂ ಓದಿ ನೋಡಿದ ಹ್ಯಾರಿಯೆಟ್, ಉಳಿದ ಕಥೆಯನ್ನು ಅವರಿಗೇ ಒಪ್ಪಿಸಿದರು. ಚಾರ್ಲ್ಸ್‌ಟನ್ ನಗರದ ಆ ಮನೆಗೆ ಹೋದಾಗ ಸ್ಯಾಂಡರ್‌ಸನ್‌ಗೆ ಓದಲು ಸಿಕ್ಕಿದ್ದು ಜೋರ್ಡನ್ ಮೊದಲೇ ಬರೆದಿಟ್ಟಿದ್ದ ಕೊನೆಯ ದೃಶ್ಯ. ಮಿಕ್ಕ ಓದುಗರಿಗಿಂತ ಐದು ವರ್ಷ ಮುಂಚೆಯೇ ಅವರ ಪಾಲಿಗೆ ಕಥೆ ಮುಗಿಯಿತು. ಅದನ್ನು ಅದೃಷ್ಟವೆನ್ನಬೇಕೋ ನಷ್ಟವೆನ್ನಬೇಕೋ! ಎಲ್ಲರೊಡನೆ ಅಂಗಡಿಯ ಮುಂದೆ ಸಾಲು ನಿಂತು ಕೊನೆಯ ಸಂಪುಟ ಕೊಳ್ಳುವ ಸುಖ ಅವರಿಗೆ ದಕ್ಕಲಿಲ್ಲ.

ಒಂದೇ ಸಂಪುಟವಾಗಬೇಕಿದ್ದ ಮುಕ್ತಾಯ 2009, 2010 ಮತ್ತು 2013ರಲ್ಲಿ ಮೂರಾಗಿ ಬಂತು. ಒಟ್ಟು 14 ಸಂಪುಟ, ಸುಮಾರು 44 ಲಕ್ಷ ಪದ. ಕೊನೆಯ ಸಂಪುಟದಲ್ಲಿ ಯುದ್ಧದ ಒಂದು ಅಧ್ಯಾಯವೇ ಇನ್ನೂರು ಪುಟಗಳಿಗೆ ಸಮೀಪವಿದೆ. ಶೈಲಿ ಬದಲಾಯಿತು, ಕೆಲ ಪಾತ್ರಗಳ ಮಾತಿನ ಧಾಟಿ ಬೇರೆಯಾಯಿತು ಎಂಬ ಆಕ್ಷೇಪಗಳು ಬಂದವು. ಅವು ಸುಳ್ಳೂ ಅಲ್ಲ. ಆದರೆ ಕೊನೆಯ ಪುಟಗಳಿಗೆ ಬಂದಾಗ ಓದುಗರು ಕೇಳಿದ್ದು ಐದು ವರ್ಷದ ಹಿಂದೆ ತೀರಿಕೊಂಡವರ ದನಿಯನ್ನು. ಅಲ್ಲಿ ಜೋರ್ಡನ್ ಒಂದು ಸಣ್ಣ ಒಗಟನ್ನೂ ಬಿಟ್ಟುಹೋಗಿದ್ದಾರೆ. ಎಲ್ಲ ಮುಗಿದ ಮೇಲೆ ಕಥಾನಾಯಕ ಪೈಪಿಗೆ ಹೊಗೆಸೊಪ್ಪು ತುಂಬುತ್ತಾನೆ. ಬೆಂಕಿಯಿಲ್ಲದೆಯೇ ಅದು ಹೊತ್ತಿಕೊಳ್ಳುತ್ತದೆ. ಹೇಗೆಂಬುದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಓದುಗರು ಇಂದಿಗೂ ಅದನ್ನೇ ಚರ್ಚಿಸುತ್ತಿದ್ದಾರೆ.